ಹಳೆಯ ಗೋಡೆಗೆ ಹೊಸ ಬಾಗಿಲು: ಬಡಿಗ ಬರುವ ಮೊದಲು ಮನೆಯಲ್ಲಿ ಆಗಬೇಕಾದ ಕೆಲಸ

ಸೊಲ್ಲಾಪುರದ ಹಳೆಯ ಪೇಟೆಗಳಲ್ಲೂ ಅಕ್ಕಲಕೋಟ ತಾಲ್ಲೂಕಿನ ಊರುಗಳಲ್ಲೂ ಬಾಗಿಲು, ಕಿಟಕಿ ಬದಲಿಸಲು ಹೊರಟವರ ದೂರು ಹೆಚ್ಚುಕಡಿಮೆ ಒಂದೇ. ಬೇವಿನ ಚೌಕಟ್ಟಿನ ಬುಡವನ್ನು ಗೆದ್ದಲು ತಿಂದಿದೆ, ಕದ ಮಳೆಗಾಲದಲ್ಲಿ ಉಬ್ಬಿ ಮುಚ್ಚುವುದಿಲ್ಲ, ಕಬ್ಬಿಣದ ಕಿಟಕಿ ತುಕ್ಕು ಹಿಡಿದು ಗಾಜು ಅಲುಗಾಡುತ್ತದೆ. ಹೊಸದರ ಬಣ್ಣ, ಮಾದರಿ, ಬೆಲೆ ವಿಚಾರಿಸಲು ನಾಲ್ಕು ಅಂಗಡಿ ತಿರುಗುತ್ತೇವೆ. ಆ ಹೊಸದು ಕೂರಬೇಕಾದ ಗೋಡೆಯ ಮುಂದೆ ನಿಂತು ಅದನ್ನು ತಟ್ಟಿ ನೋಡುವವರು ಕಡಿಮೆ. ನಮ್ಮ ಭಾಗದಲ್ಲಿ ಈ ಕೆಲಸ ಕೆಡುವುದು ಸಾಮಾನು ಕಳಪೆಯಾಗಿದ್ದಕ್ಕಿಂತ, ಗೋಡೆ ಎಂಥದೆಂದು ಅರಿಯದೆ ಸಬ್ಬಲು ಹಾಕಿದ್ದರಿಂದಲೇ ಹೆಚ್ಚು. ಅದಕ್ಕೇ ತಯಾರಿ ಗೋಡೆಯಿಂದ ಶುರುವಾಗಲಿ.

ಗೋಡೆ ಎಂಥದು?

ಮೊದಲು ದಪ್ಪ ಅಳೆಯಿರಿ. ಒಂದೂವರೆ ಅಡಿ, ಎರಡು ಅಡಿ ಇದ್ದರೆ ಅದು ಕಲ್ಲು-ಮಣ್ಣಿನ ಗೋಡೆ. ಹೊರಮೈಗೆ ಸಿಮೆಂಟ್ ಗಿಲಾವು ಬಳಿದಿದ್ದರೂ ಒಳಗೆ ಮಣ್ಣೇ ಇರುತ್ತದೆ. ಒಂಬತ್ತು ಇಂಚಾದರೆ ಇಟ್ಟಿಗೆ. ಅದಕ್ಕಿಂತ ತೆಳುವಾದದ್ದು ಸಾಮಾನ್ಯವಾಗಿ ಕಾಂಕ್ರೀಟ್ ಕಂಬಗಳ ನಡುವೆ ಕಟ್ಟಿದ ಗೋಡೆ; ಅಲ್ಲಿ ಮೇಲಿನ ಭಾರದ ಚಿಂತೆ ಕಡಿಮೆ. ಈ ಕೊನೆಯ ಎರಡು ಬಗೆಯ ಮನೆಯವರು ಸ್ವಲ್ಪ ಮುಂದಕ್ಕೆ ಹೋಗಿ ಓದಬಹುದು. ವಾಡೆಯಲ್ಲಿ, ಮಾಳಿಗೆ ಮನೆಯಲ್ಲಿ ಇರುವವರು ಇಲ್ಲೇ ನಿಲ್ಲಬೇಕು.

ಕಲ್ಲು-ಮಣ್ಣಿನ ಗೋಡೆ ಎಂದರೆ ಒಳಗೊಂದು ಹೊರಗೊಂದು ಕಲ್ಲಿನ ಮೈ, ನಡುವೆ ಮಣ್ಣು ಮತ್ತು ಸಣ್ಣ ಕಲ್ಲಿನ ತುಂಬು. ಬಾಗಿಲು, ಕಿಟಕಿಗಳ ಮೇಲೆ ಸಾಲಾಗಿ ಮರದ ಹಲಗೆ ಅಥವಾ ತೊಲೆ ಹಾಕಿ ಅದರ ಮೇಲೆ ಕಲ್ಲು ಕಟ್ಟಿರುತ್ತಾರೆ. ಕಟ್ಟಿದಾಗ ಭಾರವೆಲ್ಲ ಆ ಹಲಗೆಗಳ ಮೇಲಿತ್ತು. ದಶಕಗಳು ಉರುಳಿ ಹಲಗೆ ಬಾಗಿದ ಮೇಲೆ ಭಾರ ಮೆಲ್ಲಗೆ ಚೌಕಟ್ಟಿಗೆ ಇಳಿದಿರುತ್ತದೆ. ಅಂಥ ಚೌಕಟ್ಟನ್ನು ಕಿತ್ತರೆ ಮೇಲಿನ ಕಲ್ಲು ಜಾರುತ್ತವೆ. ಇದನ್ನು ಮೊದಲೇ ಕಂಡುಹಿಡಿಯಲು ಎಂಜಿನಿಯರೇ ಆಗಬೇಕಿಲ್ಲ. ಚೌಕಟ್ಟಿನ ಮೇಲಿನ ಪಟ್ಟಿಗೆ ಒಂದು ತುದಿಯಿಂದ ಇನ್ನೊಂದು ತುದಿಗೆ ದಾರ ಹಿಡಿದು ನೋಡಿ. ಪಟ್ಟಿಯ ನಡುಭಾಗ ದಾರಕ್ಕಿಂತ ಕೆಳಗೆ ಇಳಿದಿದೆಯೆ? ಕದ ಮೇಲ್ಗಡೆ ನಡುವಿನಲ್ಲೇ ಉಜ್ಜುತ್ತದೆಯೆ? ಚೌಕಟ್ಟಿನ ಮೇಲೆ ಮೆಟ್ಟಿಲು ಮೆಟ್ಟಿಲಾಗಿ ಬಿರುಕು ಹತ್ತಿದೆಯೆ? ಹೌದಾದರೆ ಚೌಕಟ್ಟು ಭಾರ ಹೊತ್ತಿದೆ ಎಂದೇ ತಿಳಿಯಿರಿ. ಆಮೇಲೆ ಹಲಗೆಯ ತುದಿಗಳನ್ನು, ಅಂದರೆ ಅವು ಗೋಡೆಯೊಳಗೆ ಸೇರುವ ಜಾಗವನ್ನು, ಸ್ಕ್ರೂಡ್ರೈವರಿನಿಂದ ಚುಚ್ಚಿ. ಸಲೀಸಾಗಿ ಅರ್ಧ ಇಂಚು ಒಳಗೆ ಹೋದರೆ ಗೆದ್ದಲು ತನ್ನ ಕೆಲಸ ಮುಗಿಸಿದೆ.

ಹಾಗಿದ್ದಲ್ಲಿ ಕೆಲಸದ ಕ್ರಮವೇ ಬೇರೆ: ಮೊದಲು ಆಸರೆ ಕಂಬ, ಆಮೇಲೆ ಹಳೆಯ ಹಲಗೆಗಳ ಜಾಗಕ್ಕೆ ಹೊಸ ಲಿಂಟಲ್, ಕೊನೆಗೆ ಚೌಕಟ್ಟು. ಗೋಡೆಗೆ ಎರಡು ಮೈ ಇರುವುದರಿಂದ ಆಸರೆ ಒಳಗೂ ಬೇಕು, ಹೊರಗೂ ಬೇಕು. ಒಂದೇ ಕಡೆ ಕೊಟ್ಟರೆ ಇನ್ನೊಂದು ಮೈ ಕುಸಿಯುತ್ತದೆ. ಹೊಸ ಲಿಂಟಲ್ ಗೋಡೆಯ ಪೂರ್ತಿ ದಪ್ಪಕ್ಕೆ ಇರಬೇಕು, ಎರಡೂ ಬದಿಗೆ ಒಂಬತ್ತು ಇಂಚಾದರೂ ಗೋಡೆಯ ಮೇಲೆ ಕೂರಬೇಕು. ಸ್ಥಳದಲ್ಲೇ ಕಾಂಕ್ರೀಟ್ ಹಾಕಿದರೆ ಎರಡು ವಾರ ಆಸರೆ ತೆಗೆಯುವಂತಿಲ್ಲ. ಅಷ್ಟು ದಿನ ಬಾಗಿಲ ನಡುವೆ ಕಂಬ ಇಟ್ಟುಕೊಂಡು ಬದುಕಲಾಗದವರು ಮೊದಲೇ ಎರಕ ಹೊಯ್ದ ಲಿಂಟಲನ್ನೋ ಗಟ್ಟಿ ಕಲ್ಲಿನ ತೊಲೆಯನ್ನೋ ತರಿಸಿ ಇಡುವುದು ಮೇಲು. ಮಾಳಿಗೆಯ ಜಂತಿಗಳು ನೇರವಾಗಿ ಆ ಬಾಗಿಲ ಮೇಲೆಯೇ ಕೂತಿದ್ದರೆ ಮಾತ್ರ ಗೌಂಡಿಯೊಬ್ಬರ ಮಾತು ಸಾಲದು. ಕಟ್ಟಡದ ಎಂಜಿನಿಯರ್ ಒಮ್ಮೆ ಬಂದು ನೋಡಲಿ. ಅವರ ಶುಲ್ಕ ಕುಸಿದ ಗೋಡೆಯ ಖರ್ಚಿನ ಮುಂದೆ ಏನೂ ಅಲ್ಲ.

1993ರ ಸೆಪ್ಟೆಂಬರ್ 30ರ ನಸುಕಿನ ಕಿಲ್ಲಾರಿ ಭೂಕಂಪವನ್ನು ಈ ಭಾಗದ ಹಿರಿಯರು ಮರೆತಿಲ್ಲ. ಲಾತೂರು, ಆಗಿನ ಉಸ್ಮಾನಾಬಾದ್ ಜಿಲ್ಲೆಗಳಲ್ಲಿ ಸಾವಿರಾರು ಜನ ಸತ್ತದ್ದು ಬಹುಮಟ್ಟಿಗೆ ಇಂಥವೇ ದಪ್ಪ ಕಲ್ಲು-ಮಣ್ಣಿನ ಗೋಡೆಗಳು ಮೈಮೇಲೆ ಬಿದ್ದು. ಗೋಡೆಯಲ್ಲಿ ಮಾಡಿದ ಪ್ರತಿ ತೆರಪೂ ಅದರ ಬಲ ಕಡಿಮೆ ಮಾಡುತ್ತದೆ. ಆದ್ದರಿಂದ ಹಳೆಯ ಗೋಡೆಯಲ್ಲಿ ಇದ್ದಷ್ಟೇ ಅಳತೆಯ ಕಿಟಕಿ ಕೂರಿಸಿ. ಗಾಳಿ-ಬೆಳಕಿನ ಆಸೆಗೆ ತೆರಪನ್ನು ಅಗಲ ಮಾಡಬೇಡಿ. ಹೊಸ ತೆರಪು ಬೇಕೇ ಬೇಕೆಂದಾದರೆ ಗೋಡೆಯ ಮೂಲೆಯಿಂದ ಎರಡು ಅಡಿಯಾದರೂ ದೂರ ಇರಲಿ. ನಾನು ಈ ಒಂದು ಮಾತಿನಲ್ಲಿ ಯಾರೊಂದಿಗೂ ರಾಜಿಯಾಗಲಾರೆ.

ಎರೆ ಭೂಮಿಯದು ಇನ್ನೊಂದು ತಕರಾರು. ಬೇಸಿಗೆಯಲ್ಲಿ ಒಣಗಿ ಬಾಯಿ ಬಿಡುವ ಕರಿ ಮಣ್ಣು ಮಳೆ ಬಿದ್ದಾಗ ಉಬ್ಬುತ್ತದೆ, ಜೊತೆಗೆ ಅಡಿಪಾಯವನ್ನೂ ಎತ್ತಿ ಇಳಿಸುತ್ತದೆ. ಕಿಟಕಿಯ ಮೂಲೆಯಿಂದ ಓರೆಯಾಗಿ ಓಡುವ ಬಿರುಕು, ಬೇಸಿಗೆಗೊಂದು ಬಗೆ ಮಳೆಗಾಲಕ್ಕೊಂದು ಬಗೆ ಅಂಟಿಕೊಳ್ಳುವ ಕದ ಇದರ ಗುರುತು. ಇಂಥ ಮನೆಗೆ ಎಷ್ಟೇ ದುಬಾರಿ ಕಿಟಕಿ ತಂದರೂ ಎರಡೇ ವರ್ಷದಲ್ಲಿ ಅದೂ ಓರೆಯಾಗುತ್ತದೆ. ಬಿರುಕಿನ ಎರಡೂ ದಡಕ್ಕೆ ಪೆನ್ಸಿಲ್ ಗುರುತು ಹಾಕಿ, ನಡುವಿನ ಅಂತರ ಮತ್ತು ತಾರೀಖು ಬರೆದಿಡಿ. ಮೇ ತಿಂಗಳಿನಿಂದ ದೀಪಾವಳಿಯವರೆಗೆ ಆಗಾಗ ಅಳೆಯಿರಿ. ಅಂತರ ಬದಲಾಗುತ್ತಲೇ ಇದ್ದರೆ ಹಣವನ್ನು ಮೊದಲು ಮನೆಯ ಸುತ್ತಲಿನ ನೀರು ದೂರ ಹರಿಯುವಂತೆ ಮಾಡಲು, ಗೋಡೆಯ ಬುಡಕ್ಕೆ ಹೊಂದಿ ಫರಸಿ ಹಾಸಲು ಖರ್ಚು ಮಾಡಿ. ಬಚ್ಚಲ ನೀರು ಗೋಡೆಯ ಬುಡಕ್ಕೇ ಬಿಟ್ಟ ಮನೆಗಳಲ್ಲಿ ಈ ತೊಂದರೆ ಅರ್ಧಕ್ಕರ್ಧ ಅಲ್ಲಿಂದಲೇ ಬರುತ್ತದೆ.

ಯಾವಾಗ?

ದೀಪಾವಳಿ ಮುಗಿದ ಮೇಲೆ ಶಿವರಾತ್ರಿಯವರೆಗಿನ ಕಾಲ ಎಲ್ಲಕ್ಕಿಂತ ಒಳ್ಳೆಯದು. ಸೊಲ್ಲಾಪುರಕ್ಕೆ ಜೂನ್‌ಗಿಂತ ಸೆಪ್ಟೆಂಬರ್ ಮಳೆಯೇ ಜೋರು; ಗಣಪತಿ ಹಬ್ಬ ಬಂತು, ಮಳೆ ಮುಗಿಯಿತು ಎಂದುಕೊಂಡು ಕಿಟಕಿ ಕಿತ್ತವರು ತಾಡಪತ್ರಿ ಹಿಡಿದು ರಾತ್ರಿ ಕಳೆಯಬೇಕಾಗುತ್ತದೆ. ಏಪ್ರಿಲ್-ಮೇ ಒಣಗಿದ ಕಾಲವೇನೋ ಹೌದು, ಆದರೆ 42 ಡಿಗ್ರಿ ದಾಟಿದ ಬಿಸಿಲಿನಲ್ಲಿ ಹೊಸ ಸಿಮೆಂಟು ಹದ ಹಿಡಿಯುವ ಮುಂಚೆಯೇ ಒಣಗಿ ಬಿರಿಯುತ್ತದೆ. ನಲ್ಲಿ ನೀರು ದಿನಾ ಬಾರದ ಊರಿನಲ್ಲಿ ಗಿಲಾವಿಗೆ ನೀರುಣಿಸುವುದೂ ಕಷ್ಟ. ಮಾಳಿಗೆ ಮೇಲೆ ಶಾವಿಗೆ, ಹಪ್ಪಳ, ಸಂಡಿಗೆ ಒಣಗುವ ದಿನಗಳೂ ಅವೇ. ಮರ ಕೂಡ ಮೇ ತಿಂಗಳಲ್ಲಿ ಕುಗ್ಗಿರುತ್ತದೆ. ಆಗ ಬಿಗಿಯಾಗಿ ಕೂರಿಸಿದ ಕದ ಆಗಸ್ಟಿನಲ್ಲಿ ಉಬ್ಬಿ ಸಿಕ್ಕಿಬೀಳುತ್ತದೆ. ಬೇಸಿಗೆಯಲ್ಲೇ ಮಾಡಿಸಲೇಬೇಕಾದರೆ ಕದದ ಸುತ್ತ ಮೂರು ಮಿಲಿಮೀಟರಿನಷ್ಟು ಸಂದು ಬಿಡಲು ಬಡಿಗರಿಗೆ ಹೇಳಿ.

ಒಳ್ಳೆಯ ಕಾಲದೊಳಗೂ ಕೆಲವು ದಿನ ಬಿಡಬೇಕು. ಸಂಕ್ರಾಂತಿಯ ಹೊತ್ತಿಗೆ ಸಿದ್ಧೇಶ್ವರನ ಗಡ್ಡಾ ಯಾತ್ರೆ. ನಂದಿಧ್ವಜಗಳ ಮೆರವಣಿಗೆಯ ದಾರಿಯಲ್ಲಿ ಸಾಮಾನಿನ ಗಾಡಿ ಬರುವುದಿಲ್ಲ, ಮನೆ ತುಂಬ ನೆಂಟರು. ಅಕ್ಕಲಕೋಟದಲ್ಲಿ ವಟವೃಕ್ಷ ದೇವಸ್ಥಾನದ ಸುತ್ತಮುತ್ತ ಇರುವವರಿಗೆ ದತ್ತ ಜಯಂತಿಗೆ ಇದೇ ಲೆಕ್ಕ; ಕೆಲಸ ಚೈತ್ರಕ್ಕೆ ಜಾರಿದರೆ ಸ್ವಾಮಿ ಸಮರ್ಥರ ಪ್ರಕಟ ದಿನ, ಪುಣ್ಯತಿಥಿಗೂ ಅದೇ. ಹಳ್ಳಿಯಲ್ಲಿ ತೊಗರಿ ರಾಶಿ, ಆಮೇಲೆ ಬಿಳಿಜೋಳದ ರಾಶಿ ನಡೆದಾಗ ಕೂಲಿಗೆ ಜನ ಸಿಗುವುದಿಲ್ಲ. ಸುಗ್ಗಿಯ ಕಾಳು ಪಡಸಾಲೆಯಲ್ಲಿ ಬಿದ್ದಿರುವಾಗ ಗೋಡೆ ಒಡೆಯುವುದೂ ಸರಿಯಲ್ಲ.

ಅಳತೆ, ಸಾಮಾನು

ಹಳೆಯ ತೆರಪು ಯಾವುದೂ ನೆಟ್ಟಗಿರುವುದಿಲ್ಲ. ಅಗಲವನ್ನು ಮೇಲೆ, ನಡುವೆ, ಕೆಳಗೆ ಅಳೆಯಿರಿ. ಎತ್ತರವನ್ನು ಎಡಕ್ಕೆ, ನಡುವೆ, ಬಲಕ್ಕೆ. ಎಲ್ಲಕ್ಕಿಂತ ಚಿಕ್ಕ ಅಳತೆಯೇ ನಿಮ್ಮ ಅಳತೆ. ಮೂಲೆಯಿಂದ ಮೂಲೆಗೆ ಎರಡೂ ಕರ್ಣ ಅಳೆದು ವ್ಯತ್ಯಾಸವನ್ನೂ ಬರೆಯಿರಿ. ಮುಂದೆ ನೆಲಕ್ಕೆ ಹೊಸ ಟೈಲ್ಸ್ ಹಾಕುವ ಯೋಚನೆ ಇದ್ದರೆ ಅದನ್ನು ಈಗಲೇ ಹೇಳಿ. ಇಲ್ಲದಿದ್ದರೆ ಆಗ ಹೊಸ ಕದದ ಬುಡ ಕತ್ತರಿಸಬೇಕಾಗುತ್ತದೆ. ಕಾಸಿ ಗಟ್ಟಿಮಾಡಿದ ಟಫನ್ಡ್ ಗಾಜನ್ನು ಒಮ್ಮೆ ತಯಾರಾದ ಮೇಲೆ ಕತ್ತರಿಸಲು ಬರುವುದಿಲ್ಲ, ಕತ್ತರಿಸಹೋದರೆ ಪುಡಿಯಾಗುತ್ತದೆ. ಆದ್ದರಿಂದ ಅಳತೆಯನ್ನು ಫೋನಿನಲ್ಲಿ ಹೇಳಬೇಡಿ, ತಯಾರಿಸುವವರೇ ಮನೆಗೆ ಬಂದು ಅಳೆದು ಸಹಿ ಹಾಕಲಿ.

ಯುಪಿವಿಸಿ ಬಿಸಿಲಿಗೆ ಹಿಗ್ಗುವ ವಸ್ತು. ಎರಡು ಮೀಟರ್ ಉದ್ದದ ಪಟ್ಟಿ 30 ಡಿಗ್ರಿ ಏರಿಳಿತಕ್ಕೆ ಸುಮಾರು ನಾಲ್ಕು ಮಿಲಿಮೀಟರ್ ಉದ್ದವಾಗಬಲ್ಲದು. ಗಾಢ ಬಣ್ಣದ್ದಾದರೆ ಇನ್ನೂ ಹೆಚ್ಚು ಕಾಯುತ್ತದೆ. ಪಡುವಣ ಗೋಡೆಗೆ ಬಿಳಿ ಅಥವಾ ತಿಳಿ ಬಣ್ಣವೇ ಇರಲಿ. ಚೌಕಟ್ಟು ಮತ್ತು ಗೋಡೆಯ ನಡುವೆ ಸುತ್ತಲೂ ಸಂದು ಬಿಟ್ಟು ಫೋಮ್ ತುಂಬಿಸಬೇಕು. ಸಿಮೆಂಟ್ ಗಿಡಿದು ಬಿಗಿದರೆ ಮೇ ತಿಂಗಳಲ್ಲಿ ಚೌಕಟ್ಟು ಬಾಗುತ್ತದೆ. ಅಲ್ಯೂಮಿನಿಯಂ ಅಷ್ಟು ಹಿಗ್ಗದಿದ್ದರೂ ಹಸಿ ಸಿಮೆಂಟು ತಗುಲಿದ ಕಡೆ ಅದರ ಮೈ ಕಲೆಯಾಗುತ್ತದೆ, ಟೇಪು ಸುತ್ತಿಯೇ ಕೂರಿಸಬೇಕು. ಮರದ ಫ್ಲಷ್ ಕದ ತರುವವರು ಐಎಸ್ 2202 ಎಂದು ಬರೆದ ಐಎಸ್ಐ ಗುರುತು ನೋಡಿ ತನ್ನಿ.

ಕಲ್ಲು-ಮಣ್ಣಿನ ಗೋಡೆಯಲ್ಲಿ ಡ್ರಿಲ್ ಹೊಡೆದು ಬಿಗಿಯುವ ಬೋಲ್ಟು ಹಿಡಿಯುವುದಿಲ್ಲ, ಸುತ್ತಲಿನ ಮಣ್ಣು ಉದುರುತ್ತದೆ. ಚೌಕಟ್ಟಿನ ಪ್ರತಿ ಬದಿಗೆ ಮೂರು ಕಡೆ ಗೋಡೆಯಲ್ಲಿ ಗೂಡು ಮಾಡಿ, ಕಬ್ಬಿಣದ ಹೋಲ್ಡ್‌ಫಾಸ್ಟ್ ಇಟ್ಟು ಕಾಂಕ್ರೀಟ್ ತುಂಬಿಸಬೇಕು. ಇದಕ್ಕೆ ಕನಿಷ್ಠ ಎರಡು-ಮೂರು ದಿನ ಹೆಚ್ಚು ಬೇಕಾಗುತ್ತದೆ. ಒಂದೇ ದಿನದಲ್ಲಿ ಕೂರಿಸಿ ಹೋಗುತ್ತೇವೆ ಎನ್ನುವವರಿಗೆ ನಿಮ್ಮ ಗೋಡೆಯನ್ನು ತೋರಿಸಿದ್ದೀರಾ ಎಂದು ನೆನಪಿಸಿಕೊಳ್ಳಿ.

ಕೂಲರ್ ಇಲ್ಲದೆ ಸೊಲ್ಲಾಪುರದ ಬೇಸಿಗೆ ಸಾಗುವುದಿಲ್ಲ. ಸರಿಯುವ ಕಿಟಕಿ ತೆರೆದರೂ ಅರ್ಧ ಅಗಲವೇ ಸಿಗುತ್ತದೆ, ಆ ಅರ್ಧದಲ್ಲಿ ನಿಮ್ಮ ಕೂಲರಿನ ಮೂತಿ ಹಿಡಿಸುತ್ತದೆಯೇ ಎಂದು ಆರ್ಡರ್ ಕೊಡುವ ಮುಂಚೆ ಅಳೆಯಿರಿ. ಕೂಲರ್ ಒಳಗೆ ತಳ್ಳಿದಷ್ಟು ಗಾಳಿ ಎದುರು ಕಡೆಯಿಂದ ಹೊರಹೋಗಬೇಕು, ಇಲ್ಲದಿದ್ದರೆ ಕೋಣೆ ತಂಪಾಗದೆ ಬರೀ ಹಸಿಯಾಗುತ್ತದೆ. ಹಾಗಾಗಿ ಎದುರಿನ ಕಿಟಕಿ ಪೂರ್ತಿ ತೆರೆಯುವ ಕದದ್ದಾಗಿರಲಿ. ಕಿಟಕಿಯ ಕೆಳಗೆ ಹಾಸುವ ಶಹಾಬಾದ್ ಫರಸಿ ಹೊರಕ್ಕೆ ಇಳಿಜಾರಾಗಿರಬೇಕು, ಗೋಡೆಯಿಂದ ಒಂದೆರಡು ಇಂಚು ಮುಂದಕ್ಕೆ ಚಾಚಿರಬೇಕು, ಚಾಚಿದ ತುದಿಯ ತಳದಲ್ಲಿ ಒಂದು ಗೀರು ಇರಬೇಕು. ಮಳೆನೀರು ಆ ಗೀರಿಗೆ ಬಂದು ತೊಟ್ಟಿಕ್ಕುತ್ತದೆ, ಗೋಡೆಗೆ ಹರಿಯುವುದಿಲ್ಲ.

ಕಾಗದಪತ್ರದ ವಿಷಯ ಚಿಕ್ಕದು. ಇದ್ದ ತೆರಪಿನಲ್ಲೇ ಬದಲಿಸುವಾಗ ಅಡ್ಡಿಯಿಲ್ಲ. ರಸ್ತೆ ಕಡೆಗೋ ನೆರೆಮನೆ ಕಡೆಗೋ ಹೊಸ ತೆರಪು ಮಾಡುವುದಾದರೆ ಮಹಾನಗರಪಾಲಿಕೆ, ನಗರ ಪರಿಷತ್ತು ಅಥವಾ ಗ್ರಾಮ ಪಂಚಾಯಿತಿಯಲ್ಲಿ ಮೊದಲು ವಿಚಾರಿಸಿ. ಫ್ಲ್ಯಾಟಿನವರು ಸೊಸೈಟಿಯನ್ನು, ಬಾಡಿಗೆಯವರು ಮಾಲೀಕರನ್ನು ಬರಹದಲ್ಲಿ ಕೇಳಲಿ. ಕೊಟೇಶನ್ನಿನಲ್ಲಿ ಗಾಜಿನ ದಪ್ಪ, ಸೊಳ್ಳೆ ಜಾಲರಿ, ಬಿಜಾಗರಿ-ಚಿಲಕ, ಹಳೆಯದನ್ನು ಕೀಳುವುದು, ಒಡೆದ ಕಲ್ಲು-ಮಣ್ಣು ಸಾಗಿಸುವುದು, ಸುತ್ತಲಿನ ಗಿಲಾವು, ತೆರಿಗೆ ಇವೆಲ್ಲ ಬಿಡಿಬಿಡಿಯಾಗಿ ಬರೆದಿರಲಿ.

ಮನೆಯೊಳಗೆ

ಕೆಲಸದ ಹಿಂದಿನ ದಿನ ತೆರಪಿನ ಒಳಗೂ ಹೊರಗೂ ನಾಲ್ಕು ಅಡಿ ಜಾಗ ಖಾಲಿಯಾಗಬೇಕು. ಪರದೆ, ಗೋಡೆಯ ಚಿತ್ರಗಳು, ಮಾಡಿನೊಳಗಿನ ದೇವರು, ಬಾಗಿಲ ಮೇಲಿನ ತೋರಣ ತೆಗೆದಿಡಿ. ಗೋಡೆಗೆ ಪೆಟ್ಟು ಬಿದ್ದಾಗ ಆಚೆ ಕೋಣೆಯಲ್ಲಿ ಅದೇ ಗೋಡೆಗೆ ತೂಗುಹಾಕಿದ ಕಪಾಟು, ಟಿವಿಯೂ ಅಲುಗುತ್ತವೆ, ಅವನ್ನೂ ಇಳಿಸಿ. ಚೌಕಟ್ಟಿನ ಪಕ್ಕದಲ್ಲೇ ಕರೆಗಂಟೆಯ ತಂತಿ, ಸ್ವಿಚ್ ಬೋರ್ಡು ಇರುವುದು ಸಾಮಾನ್ಯ. ತಂತಿ ಎಲ್ಲಿ ಹೋಗಿದೆ ಎಂದು ಸೀಮೆಸುಣ್ಣದಲ್ಲಿ ಗೋಡೆಯ ಮೇಲೆ ಗೆರೆ ಎಳೆದು ತೋರಿಸಿ.

ಧೂಳಿನ ವಿಷಯಕ್ಕೆ ಬರೋಣ. ಹಾಸಿಗೆ, ಬಟ್ಟೆಯ ಮೇಲೆ ಚಾದರ ಹೊದಿಸಿದರೆ ಸಾಕೆಂದು ಅನೇಕರು ಭಾವಿಸುತ್ತಾರೆ. ಹತ್ತಿಯ ನೇಯ್ಗೆಯ ಸಂದಿನಲ್ಲಿ ಸಿಮೆಂಟಿನ ನುಣುಪು ಧೂಳು ಸಲೀಸಾಗಿ ಇಳಿಯುತ್ತದೆ, ಒಳ್ಳೆಯ ಸೊಲ್ಲಾಪುರಿ ಚಾದರವೂ ಹಾಳಾಗುತ್ತದೆ. ಪ್ಲಾಸ್ಟಿಕ್ ಹಾಳೆ ಹೊದಿಸಿ ಅಂಚನ್ನು ಟೇಪಿನಿಂದ ಅಂಟಿಸಿ. ಜೋಳದ ಚೀಲ, ಹಿಟ್ಟಿನ ಡಬ್ಬಿ, ಶೇಂಗಾ ಚಟ್ನಿ, ಉಪ್ಪಿನಕಾಯಿ ಭರಣಿ ದೂರದ ಕೋಣೆಗೆ ಹೋಗಲಿ. ಕೆಲಸ ನಡೆದ ಕೋಣೆಗೂ ಉಳಿದ ಮನೆಗೂ ನಡುವಿನ ಬಾಗಿಲಿಗೆ ಹಸಿ ಬಟ್ಟೆ ಇಳಿಬಿಟ್ಟರೆ ಅದು ಧೂಳನ್ನು ಬಹಳ ಮಟ್ಟಿಗೆ ತಡೆಯುತ್ತದೆ.

ಈ ಊರಿನಲ್ಲಿ ಎಷ್ಟೋ ಮನೆಗಳೇ ದುಡಿಮೆಯ ಜಾಗವೂ ಹೌದು. ಕುಂಭಾರಿ ಹತ್ತಿರ ಬೀಡಿ ಕಾರ್ಮಿಕ ಮಹಿಳೆಯರಿಗಾಗಿ ಕಟ್ಟಿದ ಗೋದೂತಾಯಿ ಪರುಳೇಕರ ವಸತಿಯ 10,000 ಮನೆಗಳು 2006ರಲ್ಲಿ ಅವರ ಕೈಸೇರಿದವು. ಅಲ್ಲಿನ ಮೊದಲ ಬಾಗಿಲು, ಕಿಟಕಿಗಳಿಗೆ ಈಗ ಸುಮಾರು ಇಪ್ಪತ್ತು ವರ್ಷ. ಚಿಕ್ಕ ಮನೆ, ಬೆಳಕಿಗಾಗಿ ಬಾಗಿಲ ಬಳಿಯೇ ಕೂತು ಬೀಡಿ ಕಟ್ಟುವ ಕೆಲಸ. ನೆನೆಸಿದ ಬೀಡಿ ಎಲೆ ಧೂಳನ್ನು ಹಿಡಿದುಕೊಳ್ಳುತ್ತದೆ, ಎಲೆ ಕೆಟ್ಟರೆ ನಷ್ಟ ಆ ಹೆಂಗಸಿಗೇ. ಅಂಥ ಮನೆಯಲ್ಲಿ ಕಾರ್ಖಾನೆಯ ರಜೆಯ ದಿನ ನೋಡಿ ಕೆಲಸ ಇಟ್ಟುಕೊಳ್ಳಬೇಕು, ಎಲೆ, ತಂಬಾಕು ನೆರೆಮನೆಗೆ ಸಾಗಿಸಬೇಕು. ಮಗ್ಗ ಇರುವ ಮನೆಯವರು ಹಾಸಿನ ನೂಲನ್ನು ಎರಡು ಪದರ ಪ್ಲಾಸ್ಟಿಕ್ಕಿನಿಂದ ಮುಚ್ಚಿ. ಗುತ್ತಿಗೆದಾರರು ತಮ್ಮ ಅನುಕೂಲದ ದಿನ ಹೇಳುತ್ತಾರೆ. ದಿನದ ಕೂಲಿ ಕಳೆದುಕೊಳ್ಳುವ ಮನೆಯವಳ ಅನುಕೂಲವೂ ಅಷ್ಟೇ ಮುಖ್ಯ.

ಹಳೆಯ ಎಣ್ಣೆ ಬಣ್ಣದ ಬಗ್ಗೆ ಎಚ್ಚರ ಬೇಕು. ಮನೆಗೆ ಬಳಿಯುವ ಬಣ್ಣದಲ್ಲಿ ಸೀಸ 90 ಪಿಪಿಎಂ ಮೀರಬಾರದೆಂಬ ಕೇಂದ್ರದ ನಿಯಮ ಪೂರ್ತಿ ಜಾರಿಗೆ ಬಂದದ್ದು 2017ರ ನವೆಂಬರಿನಲ್ಲಿ. ಅದಕ್ಕಿಂತ ಹಿಂದಿನ ಪದರಗಳಲ್ಲಿ ಸೀಸ ಇರಬಹುದು, ಅದು ಮಕ್ಕಳ ಮಿದುಳಿಗೆ ಕೇಡು. ಹಳೆಯ ಬಣ್ಣವನ್ನು ಒಣಗಿದ್ದಾಗ ಉಜ್ಜಬಾರದು, ಬೆಂಕಿಯಿಂದ ಸುಡಲಂತೂ ಬಾರದು. ನೀರು ಚಿಮುಕಿಸಿ ಕೆರೆದು, ಚಕ್ಕೆಗಳನ್ನು ಚೀಲದಲ್ಲಿ ಕಟ್ಟಿ. ಬಸುರಿಯರು, ಚಿಕ್ಕ ಮಕ್ಕಳು ಆ ದಿನಗಳಲ್ಲಿ ಬೇರೆ ಮನೆಯಲ್ಲಿರಲಿ. ಹಳೆಯ ಚೌಕಟ್ಟಿನ ಹಿಂದಿನ ಸಂದು ಚೇಳಿಗೆ ಇಷ್ಟದ ಜಾಗ. ಕೀಳುವವರ ಕೈಗೆ ದಪ್ಪ ಕೈಗವಸು, ಕಾಲಿಗೆ ಬೂಟು ಇಲ್ಲದಿದ್ದರೆ ನೀವೇ ಕೊಡಿ. ಬೆಳಕಿಂಡಿಯಲ್ಲಿ ಗುಬ್ಬಿಯ ಗೂಡಿದ್ದು ಮರಿಗಳಿದ್ದರೆ ಆ ಒಂದು ಕಿಟಕಿಯನ್ನು ಎರಡು-ಮೂರು ವಾರ ಮುಂದೂಡುವುದರಿಂದ ಯಾರಿಗೂ ನಷ್ಟವಿಲ್ಲ.

ತಲಬಾಗಿಲು

ಎಲ್ಲ ಬಾಗಿಲುಗಳನ್ನೂ ಒಟ್ಟಿಗೆ ಕೀಳಬೇಡಿ. ಒಳಗಿನ ಒಂದು ಕೋಣೆಯಿಂದ ಶುರು ಮಾಡಿ, ಅಲ್ಲಿ ಕೆಲಸಗಾರರ ಕೈ ನೋಡಿಕೊಂಡು ತಲಬಾಗಿಲಿಗೆ ಬನ್ನಿ. ಅದನ್ನು ಬೆಳಿಗ್ಗೆ ಬೇಗ ಬಿಚ್ಚಬೇಕು, ಸಂಜೆಯೊಳಗೆ ಬೀಗ ಬೀಳಬೇಕು. ಕಲ್ಲು-ಮಣ್ಣಿನ ಗೋಡೆಯಾದರೆ ಒಂದೇ ದಿನದಲ್ಲಿ ಮುಗಿಯುವುದಿಲ್ಲ. ಚೌಕಟ್ಟು ಗಟ್ಟಿಯಾಗುವವರೆಗೆ ಒಳಗಿನಿಂದ ಅಡ್ಡಪಟ್ಟಿ ಕೊಟ್ಟು ನಿಲ್ಲಿಸುವ ದಪ್ಪ ಪ್ಲೈವುಡ್ ಹಲಗೆ ಮೊದಲೇ ತಂದಿಟ್ಟಿರಬೇಕು, ಮನೆಯವರೊಬ್ಬರು ಪಡಸಾಲೆಯಲ್ಲಿ ಮಲಗಬೇಕು. ಬಂಗಾರ, ಕಾಗದಪತ್ರ ಆ ವಾರ ಬ್ಯಾಂಕಿನಲ್ಲಿರಲಿ. ಅಂಗಡಿಯವರು ಸಾಮಾನು ನಾಳೆ ಬರುತ್ತದೆ, ಇವತ್ತು ಕಿತ್ತಿಡೋಣ ಎಂದರೆ ನಯವಾಗಿ, ಆದರೆ ಗಟ್ಟಿಯಾಗಿ ಹೇಳಿ: “ಹೊಸಾ ಬಾಗಲಾ ಮನೀಗಿ ಬರಲಿ ಮಿಸ್ತ್ರಿ, ಅಳತಿ ಹಚ್ಚಿ ನೋಡೂಣು, ಆಮ್ಯಾಲ ಹಳೇದಕ್ಕ ಕೈ ಹಚ್ರಿ.”

ಹೊಸ್ತಿಲಿಗೆ ನಮ್ಮ ಮನೆಗಳಲ್ಲಿ ದಿನವೂ ನೀರು ಹಾಕಿ, ಅರಿಶಿನ-ಕುಂಕುಮ ಇಟ್ಟು ಪೂಜೆ ನಡೆಯುತ್ತದೆ. ಅದನ್ನು ಎತ್ತುವ ಮುಂಚೆ ಮನೆಯ ಹಿರಿಯರನ್ನು, ಮುಖ್ಯವಾಗಿ ಅಜ್ಜಿಯರನ್ನು ಕೇಳಿ ದಿನ ಗೊತ್ತುಮಾಡಿ. ಆಷಾಢ ಬೇಡ ಎನ್ನಬಹುದು, ಸ್ವಾಮಿಗಳನ್ನು ಕರೆಸಿ ಎನ್ನಬಹುದು. ಇದನ್ನು ಗುತ್ತಿಗೆದಾರರಿಗೂ ಮೊದಲೇ ತಿಳಿಸಿದರೆ ಗಾಡಿ ಬಂದು ನಿಂತ ಮೇಲೆ ದಿನ ಬದಲಿಸುವ ಪೇಚು ಇರುವುದಿಲ್ಲ. ಕೋಲು ಹಿಡಿದು ನಡೆಯುವವರು ಮನೆಯಲ್ಲಿದ್ದರೆ ಹೊಸ ಹೊಸ್ತಿಲು ಇಂಚಿನೊಳಗಿನ ಎತ್ತರದ್ದಾಗಲಿ, ಅಂಚು ದುಂಡಗಿರಲಿ. ಪೂಜೆಗೆ ಅಷ್ಟು ಸಾಕು.

ಕಿತ್ತ ಮರವನ್ನು ಒಡೆದ ಕಲ್ಲು-ಮಣ್ಣಿನ ಜೊತೆ ಕಳಿಸಬೇಡಿ. ಹಳೆಯ ಸಾಗವಾನಿ ಚೌಕಟ್ಟಿನ ಬುಡ ಮಾತ್ರ ಕೆಟ್ಟಿರುತ್ತದೆ, ಮೇಲಿನ ಉದ್ದ ಪಟ್ಟಿಗಳು ಗಟ್ಟಿಯಾಗಿರುತ್ತವೆ. ಬುಡ ಕತ್ತರಿಸಿ ಅದೇ ಮರವನ್ನು ಸಣ್ಣ ಕಿಟಕಿಗೋ ದೇವರ ಮನೆಯ ಬಾಗಿಲಿಗೋ ಬಳಸಬಹುದು. ಕೆತ್ತನೆಯ ಕದ, ಹಿತ್ತಾಳೆ ಕೊಂಡಿ, ದಪ್ಪ ಅಗಳಿ ಇದ್ದರೆ ತೂಕದ ಲೆಕ್ಕಕ್ಕೆ ಕೊಡದೆ ಇಬ್ಬರು-ಮೂವರಲ್ಲಿ ಬೆಲೆ ಕೇಳಿ. ಹಳೆಯದು ಯಾರಿಗೆ ಸೇರುತ್ತದೆ ಎಂಬುದು ಕೊಟೇಶನ್ನಿನಲ್ಲೇ ಬರೆದಿರಬೇಕು. ಅಲ್ಲಿ ಏನೂ ಬರೆಯದಿದ್ದರೆ ಸಂಜೆ ಹೊತ್ತಿಗೆ ಅದು ಗಾಡಿ ಏರಿರುತ್ತದೆ.

ಗಿಲಾವಿಗೆ ಏಳು ದಿನ ನೀರು ಬೇಕು, ಅದಕ್ಕಾಗಿ ಒಂದು ಡ್ರಮ್ ನೀರು ಬೇರೆಯೇ ತುಂಬಿಡಿ. ಆದರೆ ಮಣ್ಣಿನ ಗೋಡೆಗೆ ಪೈಪು ಹಿಡಿಯಬೇಡಿ, ಒದ್ದೆ ಗೋಣಿಯನ್ನು ಗಿಲಾವಿನ ಮೇಲಷ್ಟೇ ಹೊದಿಸಿ. ಫೋಮನ್ನು ಹಾಗೇ ಬಿಟ್ಟರೆ ಬಿಸಿಲಿಗೆ ಪುಡಿಪುಡಿಯಾಗುತ್ತದೆ, ಹೊರಮೈಗೆ ಸೀಲೆಂಟ್ ಅಥವಾ ಪಟ್ಟಿ ಹಾಕಿಯೇ ಹೋಗಬೇಕು. ಎಲ್ಲ ಒಣಗಿದ ಮೇಲೆ ಕೆಲಸಗಾರರ ಎದುರಿಗೇ ಹೊರಗಿನಿಂದ ಪ್ರತಿ ಕಿಟಕಿಗೂ ಎರಡು ಬಿಂದಿಗೆ ನೀರು ಎರಚಿ, ಒಳಗೆ ಒಣ ಕಾಗದ ಒತ್ತಿ ನೋಡಿ. ಕದವನ್ನು ಅರ್ಧ ತೆರೆದು ಕೈಬಿಡಿ. ತಾನಾಗಿ ತೆರೆದರೂ ಮುಚ್ಚಿದರೂ ಚೌಕಟ್ಟು ನೆಟ್ಟಗಿಲ್ಲ. ಒಟ್ಟು ಹಣದಲ್ಲಿ ಹತ್ತರಲ್ಲೊಂದು ಪಾಲನ್ನಾದರೂ ಈ ಪರೀಕ್ಷೆ ಮುಗಿಯುವವರೆಗೆ ಕೈಯಲ್ಲಿ ಇಟ್ಟುಕೊಳ್ಳಿ, ಮುಗಿದ ದಿನವೇ ಚುಕ್ತಾ ಮಾಡಿ.